ಸಾಮಾನ್ಯ ಖರ್ಚಿನ ಬಾಬ್ತು

ಜನವರಿಯ ಮೂರನೇ ಮಂಗಳವಾರ. ಮೈನಸ್ ಇಪ್ಪತ್ತೆರಡು.
ಕಲ್ಲವೆಸಿ ಸರೋವರ ಹೆಸರಿಗೆ ತಕ್ಕಂತೆ ಕಲ್ಲಾಗಿ ಮಲಗಿದೆ,
ಈಜುವವರ ಒಂದು ಕಿಂಡಿ ಬಿಟ್ಟು.
ಅದು ಹೆಪ್ಪುಗಟ್ಟದಂತೆ ಇರುಳೆಲ್ಲ ತಿರುಗುವ ಪಂಪಿನ ಸದ್ದು
ಬೇರೆಯವರಿಗೆ ಜೋಗುಳ,
ನನಗೆ ಕರೆಂಟಿನ ಬಿಲ್ಲು.

ಅಂಚೆ ಕಚೇರಿಯಲ್ಲಿ ಸ್ಟಾಂಪು ಎಣಿಸಿ ಸವೆದ ಬೆರಳು ನನ್ನದು;
ನಿವೃತ್ತಿಯಾದ ವಾರವೇ ಹಿಡಿದು ಖಜಾಂಚಿ ಮಾಡಿದರು.
ಹದಿಮೂರು ವರ್ಷವಾಯಿತು.
ಸಂಘಕ್ಕೆ ಸೂರು ಒಂದು, ಬಾಯ್ಲರು ಒಂದು,
ಮೆಟ್ಟಿಲ ಮೇಲಿನ ದೀಪ ಒಂದು,
ಹಿಮ ಗೋರುವ ಹುಡುಗ ಒಬ್ಬ,
ವಿಭಾಗ ಮಾತ್ರ ನಾಲ್ಕು:
ಚಳಿ ಈಜಿಗೆ ಐವತ್ತೆಂಟು, ಹಾಡಿಗೆ ಮೂವತ್ತೊಂದು,
ದೋಣಿಗೆ ಹತ್ತೊಂಬತ್ತು,
ಚದುರಂಗಕ್ಕೆ ಇಬ್ಬರು.

ಬಳಸಿದವರು ಕೊಡಲಿ, ಎಂದರು ದೋಣಿಯ ತೊರ್ಸ್ತಿ.
ನಮ್ಮ ದೋಣಿ ಆರು ತಿಂಗಳು ಬೋರಲು ಬಿದ್ದು ನಿದ್ದೆ ಹೊಡೆಯುತ್ತವೆ,
ನಿದ್ದೆಗೇಕೆ ಬಾಯ್ಲರು?
ಜಾಗಕ್ಕಿಷ್ಟು ಅಂತ ಹಾಕಿ, ಎಂದಳು ಈಜಿನ ಸೈಮಿ
ಒದ್ದೆ ತಲೆ ಒರೆಸುತ್ತ.
ಐವತ್ತೆಂಟು ಜನಕ್ಕೆ ಒಂದು ಬೆಂಚು,
ಆ ಇಬ್ಬರಿಗೆ ಹನ್ನೆರಡು ಚದರ ಮೀಟರು!
ಹಾಡಿನ ಔನೆ ನಕ್ಕಳು: ನಾವು ಬಳಸುವುದು ಬರೀ ಗಾಳಿ,
ಅದನ್ನೂ ಬೆಚ್ಚಗೆ ಮಾಡಿ ವಾಪಸು ಬಿಡುತ್ತೇವೆ.
ಚದುರಂಗದ ಉಂತಮೊ ಬಾಯಿ ಬಿಡಲಿಲ್ಲ.
ಅವರು ಬಳಸುವುದು ಮೌನ.
ಅದಕ್ಕೆ ಮೀಟರು ಕೂರಿಸುವುದು ಯಾವ ಗೋಡೆಗೆ?

ಕಡೆಗೆ ತಲೆಗಿಷ್ಟು ಅಂತಲೇ ಆಯಿತು.
ತಲೆ ಎಣಿಸುವುದು ಸುಲಭ ಅಂದುಕೊಂಡಿದ್ದೆ.
ನಾಲ್ಕೂ ಪಟ್ಟಿ ಕೂಡಿದರೆ ನೂರ ಹತ್ತು;
ಬಾಗಿಲಲ್ಲಿ ನಿಂತು ಕೈ ಕುಲುಕಿದರೆ ತೊಂಬತ್ತೇಳು.
ಹತ್ತು ಮಂದಿ ಎರಡೆರಡು ಕಡೆ,
ಹಿಲ್ಲೆವಿ ಒಬ್ಬಳೇ
ನಾಲ್ಕೂ ಕಡೆ.

ಮೊದಲು ಹಾಡಲೆಂದು ಬಂದವಳು.
ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ,
ಎರಡನೇ ಚಳಿಗಾಲಕ್ಕೆ ಕಿಂಡಿಗಿಳಿದಳು.
ಆಮೇಲೆ ಹುಟ್ಟು ಹಿಡಿದಳು, ಮೂರನೇ ಆಸನ, ಎಡಗಡೆ.
ಮಂಡಿ ಕೈಕೊಟ್ಟ ಮೇಲೆ ಚದುರಂಗ.
ನನ್ನ ಲೆಕ್ಕದ ಪ್ರಕಾರ ಅವಳು
ಮೆಟ್ಟಿಲ ದೀಪಕ್ಕೆ ನಾಲ್ಕು ಸಲ ದುಡ್ಡು ಕೊಟ್ಟು
ಒಂದೇ ಸಲ ಹತ್ತುತ್ತಿದ್ದಳು.
ತೋರಿಸಿದ್ದೆ. ಇರಲಿ ಬಿಡಿ, ಅಂದಿದ್ದಳು,
ಇಳಿಯುವಾಗಲೂ ಉರಿಯುತ್ತದಲ್ಲ.

ಡಿಸೆಂಬರಿನಲ್ಲಿ ಹೋದಳು, ಒಬ್ಬಳೇ.
ನನ್ನ ಕಾಗದದಲ್ಲಿ ನಾಲ್ವರು ಹೋದರು:
ಐವತ್ತೇಳು, ಮೂವತ್ತು, ಹದಿನೆಂಟು, ಒಂದು.

ಹೂವಿನ ಚಕ್ರಕ್ಕೆ ಅರವತ್ನಾಲ್ಕು ಯೂರೋ.
ಯಾವ ವಿಭಾಗದ ಬಾಬ್ತು?
ಪದ್ಧತಿ ಇದೆಯಲ್ಲ, ಹಾಗೇ ಹಂಚಿದೆ.
ಚದುರಂಗದ ಪಾಲು ಅರವತ್ತು ಸೆಂಟು.
ಚೀಟಿ ಬರೆದು ಉಂತಮೊ ಗೂಡಿಗೆ ಹಾಕಿದೆ,
ಹಾಕಿದ ಕೈಗೆ ನಾಚಿಕೆಯಾಗಲಿಲ್ಲ,
ನಿಜ ಹೇಳಬೇಕಲ್ಲ.

ಮರುದಿನ ಬಂದರು, ಟೋಪಿ ತೆಗೆಯದೆ.
ಹದಿನಾರು ಯೂರೋ, ಎಲ್ಲ ನಾಣ್ಯ,
ಪೇದೆ ನಡೆಸಿದ ಹಾಗೆ ಒಂದೊಂದೇ ಮುಂದೆ ತಳ್ಳಿದರು.
ನಾಲ್ಕು ವಿಭಾಗ, ನಾಲ್ಕು ಪಾಲು, ಎಂದರು.
ಅವಳೆದುರು ಕೂತವನು ನಾನು,
ತಲೆ ಲೆಕ್ಕದಲ್ಲಿ ಅಲ್ಲ.

ರಸೀದಿ ಬರೆಯಲು ಹೋದೆ, ಶೀರ್ಷಿಕೆ ಸಿಗಲಿಲ್ಲ.
ಹದಿನೈದು ಯೂರೋ ನಲವತ್ತು ಸೆಂಟು ಹೆಚ್ಚುವರಿ.
ವಾಪಸು ಮಾಡಿದರೆ ಅವಮಾನ, ಇಟ್ಟುಕೊಂಡರೆ ತಪ್ಪು ಲೆಕ್ಕ.

ಈಜಿನವರು ಆ ಕೋಣೆ ಕೇಳುತ್ತಿದ್ದಾರೆ, ಟವೆಲು ಒಣಗಿಸಲು.
ನ್ಯಾಯವೇ. ಈ ಸಂಜೆ ಅಳೆಯಲೆಂದು ಟೇಪು ಹಿಡಿದು ಹೋದೆ.
ಮಣೆಯ ಮೇಲೆ ಆಟ ಅರ್ಧಕ್ಕೆ ನಿಂತಿತ್ತು,
ಕಪ್ಪಿನ ಸರದಿ. ಕಪ್ಪು ಅವಳದು.
ಚದುರಂಗ ನನಗೆ ಬಾರದು,
ಸೋಲುತ್ತಿದ್ದಳೋ ಗೆಲ್ಲುತ್ತಿದ್ದಳೋ ತಿಳಿಯಲಿಲ್ಲ.
ಟೇಪು ಸುತ್ತಿ ಜೇಬಿಗೆ ಹಾಕಿದೆ.

ರೇಡಿಯೇಟರಿನ ತಿರುಪು ಎರಡಕ್ಕೆ ಇತ್ತು.
ಮೂರಕ್ಕೆ ತಿರುಗಿಸಿ ಬಂದೆ.