ಕಣಿವೆ ಪೂರ್ತಿಯೇ ಇದೆ

ಎಂಟು ಸಾವಿರ ಅಡಿ. ಬೆಳಗಿನ ಏಳು ಗಂಟೆ.
ನನ್ನ ಟಿಕೆಟ್ ಗೂಡಿನ ಗಾಜಿಗೆ ಒಳಗಿನಿಂದಲೂ ಮಂಜು.
ಉಗುರಿನಿಂದ ಕೆರೆದು ಅಂಗೈಯಗಲ ಕಂಡಿ ಮಾಡಿಕೊಂಡಿದ್ದೇನೆ,
ಇವತ್ತಿನ ಲೋಕವೆಲ್ಲ ಅದರೊಳಗೇ ಹಾದು ಬರಬೇಕು.

ಡಿಲಾಯ್ ಆಗಲೇ ಒಂದು ಸುತ್ತು ರಸ್ತೆಯ ಹಿಮ ಬಾಚಿ ಬಂದ.
ಗಾಡಿಯಿಂದ ಇಳಿಯದೆ ಮೂರು ಬೆರಳು ತೋರಿಸಿದ:
ಮೂರನೆಯ ತಿರುವಿನಾಚೆ ಬಂದ್.
ಮಾತು ಅವನಿಗೆ ಉಪ್ಪಿದ್ದ ಹಾಗೆ,
ಇದ್ದಷ್ಟನ್ನೂ ರಸ್ತೆಗೇ ಸುರಿದು ಮುಗಿಸಿದ್ದಾನೆ.

ಮೊದಲ ಕಾರು ನೆವಾಡಾದ್ದು. ಗಾಜು ಎರಡಿಂಚು ಇಳಿಯಿತು.
ಕಣಿವೆ ಕಾಣುತ್ತದೆಯೇ?
ಇಲ್ಲ ಎಂದೆ. ಮೋಡ ಒಳಗಿಳಿದು ಕೂತಿದೆ,
ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟ ಹಾಗೆ. ಅಲುಗಿಸುವಂತಿಲ್ಲ.
ಹಾಗಾದರೆ ದುಡ್ಡು ಪೂರ್ತಿಯೋ, ಅರ್ಧವೋ?
ಪೂರ್ತಿ.
ಕಣಿವೆ ಪೂರ್ತಿಯೇ ಇದೆಯಲ್ಲ.

ಅರ್ಲೀನ್ ಪಾಳಿ ಬದಲಿಸಲು ಬಂದಳು, ಫ್ಲಾಸ್ಕು ಹಿಡಿದು.
ಪಾಯೂಟ್ ಮನೆಯವಳು. ಅವಳಜ್ಜಿ
ಈ ಕೆಂಪು ಕಲ್ಲುಕಂಬಗಳ ಕಥೆಯನ್ನು
ಚಳಿಗಾಲದಲ್ಲಿ ಮಾತ್ರ ಹೇಳುತ್ತಿದ್ದಳಂತೆ.
ಈಗ ಚಳಿಗಾಲವೇ ತಾನೇ ಎಂದೆ.
ನಿನಗಲ್ಲ, ಎಂದು
ಕಾಫಿ ನನ್ನತ್ತ ತಳ್ಳಿದಳು.

ಬೂಟಿಗೆ ಮುಳ್ಳು ಕಟ್ಟಿಕೊಂಡು ಅಂಚಿನವರೆಗೆ ನಡೆದೆ.
ನೆವಾಡಾದವರು ಇನ್ನೂ ಅಲ್ಲೇ,
ಬೇಲಿ ಹಿಡಿದು, ರೈಲು ತಪ್ಪಿದವರ ಹಾಗೆ.
ಮುಂದೆ ಬಿಳಿ. ಕೆಳಗೂ ಬಿಳಿ. ಪೈನ್ ಮರವೊಂದು
ಅರ್ಧ ಬರೆದು ಬಿಟ್ಟ ಅಕ್ಷರ.
ತಾಯಿ ಫೋನು ಎತ್ತಿದಳು, ಇಳಿಸಿದಳು.
ಹುಡುಗ ಹಿಮದುಂಡೆ ಕಟ್ಟಿ ಎಸೆದ,
ಬಿದ್ದ ಸದ್ದಿಗೆ ಕಾದ.
ಕಾದ.
ನೋಡಬೇಕಿತ್ತು ಆಗ ಅವನ ಮುಖ,
ಆಳವೆಂದರೇನೆಂದು ಕಿವಿಯಿಂದ ತಿಳಿದವನ ಮುಖ.

ಹಗಲು ಕರಗಿ ಬಿರುಕಿಗಿಳಿದ ನೀರು
ರಾತ್ರಿ ಅಲ್ಲೇ ಗಟ್ಟಿಯಾಗಿ ಹಿಗ್ಗುತ್ತದೆ.
ನಮ್ಮಲ್ಲಿ ಹಿಗ್ಗಿದರೆ ಹಾಡು ಬರುತ್ತದೆ, ಬೈಗುಳವೂ ಬರುತ್ತದೆ;
ಇಲ್ಲಿ ಕಲ್ಲು ಬಿರಿಯುತ್ತದೆ, ಯಾರಿಗೂ ಹೇಳದೆ,
ಮಧ್ಯಾಹ್ನದ ಬಿಸುಪಿಗೆ ಹಿಡಿತ ಸಡಿಲವಾಗುವವರೆಗೆ
ನಿಂತ ಹಾಗೇ ನಿಂತಿರುತ್ತದೆ.

ಅವರು ಕಾರಿನತ್ತ ತಿರುಗಿದ್ದರು.
ಬಿಳಿಯೊಳಗೆಲ್ಲೋ, ತುಂಬ ಕೆಳಗೆ,
ಟಕ್ ಎಂದಿತು. ಆಮೇಲೆ ಜರಜರ, ಸಣ್ಣಗೆ, ಬಹಳ ಹೊತ್ತು.

ನನ್ನ ಉಂಡೆ! ಎಂದು ಕುಣಿದ ಹುಡುಗ.
ಇಷ್ಟು ಹೊತ್ತು ಬೇಕಾಯಿತಾ ಬೀಳೋದಕ್ಕೆ?

ಹೌದು, ಎಂದೆ.
ಬೇಕಾಗುತ್ತದೆ.