ಬಾಗಿಲು ಮಾಡಿದವರಿಗೆ

ಕ್ಯೋಟೋದಲ್ಲಿ, ತೋಫು ಅಂಗಡಿಯ ಮೇಲೆ, ಮೂರನೇ ಮಹಡಿ.
ನಾವು ಒಂಬತ್ತು ಜನ, ಒಂದೇ ಚಹಾ ಕೆಟಲು.
ಅಂಗೈಯಲ್ಲಿ ಮಡಚಿಡುವ ಆ ಪುಟ್ಟ ಪೆಟ್ಟಿಗೆಗೆ
ಎರಡು ಪರದೆ, ಒಂದು ಕಡ್ಡಿ,
ಗುಂಡುಸೂಜಿ ಚುಚ್ಚಿದಷ್ಟು ಕಿವಿ.
ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಸವೆದ ಮಕ್ಕಳಿಗೆ
ಬೇರೇನಾದರೂ ಕೊಡಿ ಅಂದಿದ್ದರು ಮೇಲಿನವರು.

ಕೊಟ್ಟೆವು.
ಹಾಯಿ ಬಿಚ್ಚಬೇಕೆ, ಊದು.
ಶಾಸನಕ್ಕೆ ಧೂಳು ಕವಿದಿದೆಯೆ, ಕಡ್ಡಿಯಿಂದ ಉಜ್ಜು.
ಬಾವಿಯ ತಳ ಕಾಣಬೇಕೆ, ಪೆಟ್ಟಿಗೆಯನ್ನೇ ತಲೆಕೆಳಗು ಮಾಡು,
ನೀರೆಲ್ಲ ಇನ್ನೊಂದು ಪರದೆಗೆ ಸುರಿದುಹೋಗುತ್ತದೆ.
ಬಸ್ಸಿನಲ್ಲಿ ಅಂಗೈಗೆ ಉಫ್ ಉಫ್ ಎನ್ನುವ ಮಕ್ಕಳನ್ನು ಕಂಡು
ದೊಡ್ಡವರು ಏನೋ ಬಿಸಿ ತಿಂಡಿ ಎಂದುಕೊಂಡರು.

ಏಳನೇ ದ್ವೀಪದ ಬಾಗಿಲು ನನ್ನ ಪಾಲಿನದು.
ಬೀಗವಿಲ್ಲ, ಕಾವಲಿಗೆ ರಾಕ್ಷಸನೂ ಇಲ್ಲ,
ಕಲ್ಲಿನ ಕದದ ಮೇಲೆ ಒಂದು ಕಿವಿ ಕೆತ್ತಿದೆ, ಅಷ್ಟೆ.
ಮಕ್ಕಳು ಊದಿದರು, ಕೂಗಿದರು, ಗೋಗರೆದರು, ಬೈದರು.
ಅದು ತೆರೆಯುವುದು ಹನ್ನೆರಡು ಸೆಕೆಂಡಿನ ಮೌನಕ್ಕೆ.
ಇದು ಹೊಳೆದ ರಾತ್ರಿ
ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಫೆಬ್ರವರಿಯಲ್ಲಿ ಒಂದು ಕಾರ್ಡು ಬಂತು.
‘ಬಾಗಿಲು ಮಾಡಿದವರಿಗೆ’ ಎಂದು ವಿಳಾಸ.
ಬರೆದವಳು ಚಿಗುಸ, ನಾಲ್ಕನೇ ತರಗತಿ, ಮೊರಿಗುಚಿ.
‘ಉತ್ತರ ಗೊತ್ತಾಗಿದೆ. ಆದರೆ ಅದು ನಮ್ಮನೆಯಲ್ಲಿ ಇಲ್ಲ.
ಕೆಳಗೆ ಪಚಿಂಕೊ ಅಂಗಡಿ,
ರಾತ್ರಿ ಹನ್ನೊಂದರವರೆಗೂ ಉಕ್ಕಿನ ಗುಂಡುಗಳ ಮಳೆ.
ಹಿಂದೆ ರೈಲು.
ತಮ್ಮನಿಗೆ ದಮ್ಮು, ನಿದ್ದೆಯಲ್ಲೂ ಸಿಳ್ಳೆ ಹಾಕುತ್ತಾನೆ.
ಫ್ರಿಜ್ಜಿಗೆ ವಯಸ್ಸಾಗಿದೆ.
ಹಾಸಿಗೆ ಕಪಾಟಿನೊಳಗೆ ಹೊಕ್ಕು ಮೂರು ರಜಾಯಿ ಹೊದ್ದೆ,
ನನ್ನ ಎದೆಯೇ ಕೇಳಿಸಿತು.
ಶಾಲೆಗೆ ಒಯ್ಯುವಂತಿಲ್ಲ. ಗುಡಿಯಲ್ಲಿ ಕಾಗೆ.
ಎಲ್ಲಿ ಸಿಗುತ್ತದೆ, ದಯವಿಟ್ಟು ತಿಳಿಸಿ.’

ಸುಳಿವು ಕೊಡಕೂಡದು ಎಂಬುದು ಕಂಪನಿಯ ಕಾನೂನು.
ನಾನು ಆ ಕದವನ್ನು ಪರೀಕ್ಷಿಸಿದ್ದು
ತೊಕುನಾಗನ ರೆಕಾರ್ಡಿಂಗ್ ಕೋಣೆಯಲ್ಲಿ:
ಗೋಡೆಗೆಲ್ಲ ಸ್ಪಂಜು, ಸೂಜಿ ಬಿದ್ದರೆ ಸಿಡಿಲು.
ಅದಕ್ಕೆ ತಾಸಿಗೆ ಇಷ್ಟೆಂದು ಬಾಡಿಗೆ ಕಟ್ಟುತ್ತಿದ್ದೆವು.
ಕಾರ್ಡನ್ನು ಕೀಲಿಮಣೆಯ ಅಡಿಗೆ ತಳ್ಳಿದೆ.

ಆಗಸ್ಟಿನಲ್ಲಿ ಇನ್ನೊಂದು.
‘ನಿನ್ನೆ ಬಿರುಗಾಳಿ ದಾಟಿಹೋದ ಮೇಲೆ ಕರೆಂಟು ಹೋಯಿತು.
ಗುಂಡುಗಳು ನಿಂತವು. ರೈಲಂತೂ ಮಧ್ಯಾಹ್ನವೇ ನಿಂತಿತ್ತು.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
ನಾನು ಪೆಟ್ಟಿಗೆ ತೆರೆದೆ, ಮನೆಗೆಲ್ಲ ಅದೊಂದೇ ಬೆಳಕು.
ತುಟಿಯ ಮೇಲೆ ಬೆರಳಿಟ್ಟೆ.
ಮೇಣದಬತ್ತಿ ಹುಡುಕುತ್ತಿದ್ದ ಅಮ್ಮ
ಡ್ರಾಯರನ್ನು ಅರ್ಧ ಎಳೆದಲ್ಲೇ ನಿಂತಳು.
ಟಾರ್ಚು ಕೇಳಲು ಬಂದ ಕೆಳಗಿನ ನಕಾಸೊನೆ ಮಾಮ
ಹೊಸ್ತಿಲಲ್ಲಿ, ಒಂದು ಚಪ್ಪಲಿ ಕೈಯಲ್ಲಿ ಹಿಡಿದು.
ತಮ್ಮ ಕೆನ್ನೆ ಉಬ್ಬಿಸಿ ಉಸಿರು ಕಟ್ಟಿದ.
ಅವನಿಗೆ ಹನ್ನೆರಡು ಅಂದರೆ ಬಹಳ.
ಒಂಬತ್ತರಲ್ಲಿ ಕಣ್ಣು ನೀರಾಯಿತು.
ಹತ್ತು.
ಹನ್ನೊಂದು.
ಕದ ತೆರೆಯಿತು.
ನಾವು ಎಷ್ಟು ಕೂಗಿದೆವೆಂದರೆ
ಎದುರು ಮನೆಯವರು ಕರೆಂಟು ಬಂತೆಂದುಕೊಂಡರು.’

ಕೊನೆಯಲ್ಲಿ, ಜಾಗ ಸಾಲದೆ, ಇರುವೆಯಂಥ ಅಕ್ಷರ:
‘ಒಳಗೆ ಒಂದು ಅಂಗಳ, ಒಂದು ಕಲ್ಲುಬೆಂಚು ಮಾತ್ರ ಇತ್ತು.
ಇಷ್ಟೇನಾ ಅಂತ ತಮ್ಮ ಕೇಳುತ್ತಿದ್ದಾನೆ.’

ಹೌದು, ಇಷ್ಟೇ.
ಗಡುವು ಹತ್ತಿರವಿತ್ತು,
ನಿಧಿಯ ಚಿತ್ರ ಬಿಡಿಸುವವನಿಗೆ ಜ್ವರ ಬಂದಿತ್ತು.

ಆ ರಾತ್ರಿ ಎಲ್ಲರೂ ಹೋದ ಮೇಲೆ
ನಾನು ಏಳನೇ ದ್ವೀಪಕ್ಕೆ ಹೋದೆ.
ಸ್ಪಂಜಿನ ಕೋಣೆಗೆ ಹೋಗಲಿಲ್ಲ, ನನ್ನ ಮೇಜಿನಲ್ಲೇ ಕೂತೆ.
ಮೂರು. ನಾಲ್ಕು.
ಗೋಡೆ ಗಡಿಯಾರ.
ಮತ್ತೆ ಒಂದರಿಂದ. ಆರು, ಏಳು.
ಕೊಳವೆಯಲ್ಲಿ ಯಾರೋ ಮಿಂದ ನೀರು.
ಇನ್ನೊಮ್ಮೆ, ಇನ್ನೊಮ್ಮೆ,
ಕಿಟಕಿ ಬೆಳ್ಳಗಾಗುವ ಮುನ್ನ ಕೆಳಗೆ
ಸೋಯಾ ಕಾಳು ಅರೆಯುವ ಯಂತ್ರ ಶುರುವಾಯಿತು.
ಐದು ವರ್ಷದಿಂದ ದಿನವೂ ಇದೇ ಹೊತ್ತಿಗೆ
ಶುರುವಾಗುತ್ತಿತ್ತಂತೆ.
ಮೇಜು ಸಣ್ಣಗೆ ನಡುಗುತ್ತಿತ್ತು.
ಕಲ್ಲಿನ ಕಿವಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.