ಹದ

ದೊನ್ ಫಿದೆನ್ಸಿಯೊ ಕಾಲು ಚಾಚುತ್ತಾನೆ, ನಾನು ದೀಪ ಆರಿಸುತ್ತೇನೆ.
ಹತ್ತು ನಿಮಿಷ ಬರಿಗಾಲು ಹೀಗೇ ಇರಲಿ,
ಕೋಣೆಯ ತಂಪಿಗೆ ಒಗ್ಗಲಿ, ಆಮೇಲೆ ಚಿತ್ರ.
ಹತ್ತು ನಿಮಿಷವೆಂದರೆ ಒಂದು ಜೋಡಿಗೆ ಹಿಮ್ಮಡಿ ಬಡಿಯುವಷ್ಟು ಹೊತ್ತು
ಅನ್ನುತ್ತಾನೆ ಕತ್ತಲಲ್ಲಿ.

ನಲವತ್ತೆರಡು ವರ್ಷ, ಲೆಯೋನ್ ಪಟ್ಟಣದ ಒಂದೇ ಓಣಿಯಲ್ಲಿ,
ಮದುಮಗಳ ಬಿಳಿ ಜೋಡು, ಪೊಲೀಸರ ಬೂಟು,
ಒಬ್ಬ ಪಾದ್ರಿಗೆ ಎಡಗಾಲಿನದು ಮಾತ್ರ ಅರ್ಧ ಬೆರಳು ಎತ್ತರ.
ಬಾಯ್ತುಂಬ ಮೊಳೆ ಕಚ್ಚಿಕೊಂಡೇ ಮಾತಾಡಿದವನು.
ಅದರಲ್ಲೊಂದು ಯಾವಾಗಲೋ ಬಿತ್ತು.
ಮೂರು ದಿನ ಅದರ ಮೇಲೇ ನಡೆದ.
ಮಗಳು ಒದಿಲಿಯಾ ಕಾಲುಚೀಲ ನೆನೆಹಾಕಿದಾಗ
ನೀರು ಕೆಂಪಾಯಿತು, ಆಗ ಗೊತ್ತಾಯಿತು.

ತೆರೆಯ ಮೇಲೆ ಈಗ ಅವನ ಪಾದ:
ಹಿಮ್ಮಡಿ ಹಳದಿ, ನಡುಪಾದ ಕಿತ್ತಳೆ,
ಬೆರಳುಗಳ ಕಡೆ ಹೋದಂತೆ ನೀಲಿ, ಕಡುನೀಲಿ.
ಹೆಬ್ಬೆರಳ ಬುಡದಲ್ಲಿ ಹುಣ್ಣು, ಸುತ್ತ ಕೆಂಪು ಬಳೆ.
ಬಿಸಿ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿತು
ಎಂದೆಲ್ಲ ಅಳೆದು ಯಂತ್ರ ಒಂದು ಅಂಕಿ ಕೊಡುತ್ತದೆ:
ಹನ್ನೆರಡು ವಾರದೊಳಗೆ ಮಾಯುವ ಸಾಧ್ಯತೆ
ನೂರಕ್ಕೆ ಮೂವತ್ತೊಂದು.

ಹೇಳುವುದು ನನ್ನ ಕೆಲಸವಲ್ಲ, ಡಾಕ್ಟರದು.
ಅವನೋ ಕನ್ನಡಕ ತಡಕಿ, ತೆರೆಗೆ ಮೂಗು ತಾಗುವಷ್ಟು ಬಗ್ಗಿ,
ಸಂತೆಯಲ್ಲಿ ತೊಗಲು ಆರಿಸುವವನ ಹಾಗೆ ನೋಡುತ್ತಾನೆ.
'ಇದು ಬೆನ್ನಿನ ಚರ್ಮ, ಗಟ್ಟಿ.
ಇದು ಹೊಟ್ಟೆಯದು, ಎಳೆದರೆ ಜೋಲುತ್ತದೆ.
ಇಲ್ಲಿ...' ಬೆರಳು ನೀಲಿಯ ಮೇಲೆ ನಿಲ್ಲುತ್ತದೆ,
'ಇಲ್ಲಿ ಹದ ತಪ್ಪಿದೆ.'
ಅಂಕಿ ಕೇಳಲೇ ಇಲ್ಲ.
'ಇದರದೊಂದು ಪ್ರತಿ ಕೊಡು ತಾಯಿ, ಸರಿಯಾದ ಅಳತೆಯಲ್ಲಿ.'

ನಾಲ್ಕನೇ ವಾರ ಬಂದ, ಕುಂಟುತ್ತ, ಹೊಸ ಜೋಡಿನಲ್ಲಿ.
ನಾನು ಕೊಟ್ಟ ಚಿತ್ರವನ್ನೇ ಅಟ್ಟೆಯ ಮೇಲಿಟ್ಟು ಕತ್ತರಿಸಿದ್ದಾನೆ.
ಕೆಂಪು ಬಳೆ ಇದ್ದಲ್ಲಿ ಒಂದು ಕುಳಿ,
ನೀಲಿಯಿದ್ದಲ್ಲೆಲ್ಲ ಕುರಿತುಪ್ಪಟದ ಮೆತ್ತೆ.
ಇಷ್ಟು ಕುರೂಪದ ಜೋಡು ನಾನು ಕಂಡಿಲ್ಲ.

ಈ ಹೊತ್ತಿಗೆ ಹುಣ್ಣು ಅರ್ಧಕ್ಕೆ ಇಳಿದಿದ್ದರೆ ಆಸೆಯಿದೆ,
ಇದು ನಾವು ಕಲಿತ ಲೆಕ್ಕ.
ಇಳಿದಿದೆ. ಅರ್ಧಕ್ಕಲ್ಲ.
ಅಳತೆಪಟ್ಟಿ ಎರಡು ಸಲ ಇಟ್ಟು ನೋಡಿದೆ.

ದೀಪ ಆರಿಸಿ ಹತ್ತು ನಿಮಿಷ ಕಾಯುವಾಗ
ಸುಮ್ಮನೆ, ಯಾಕೋ, ಕ್ಯಾಮೆರಾ ತಿರುಗಿಸಿದೆ
ನೆಲದ ಮೇಲೆ ಬಿಟ್ಟಿದ್ದ ಜೋಡಿನ ಕಡೆಗೆ.
ಒಳಗೆ ಪಾದವೊಂದು ಇನ್ನೂ ಇತ್ತು:
ಹಿಮ್ಮಡಿಯ ಹಳದಿ, ನಡುವೆ ಕಪ್ಪು ಕುಳಿ,
ಅದರಾಚೆ, ಬೆರಳುಗಳ ಜಾಗದಲ್ಲಿ,
ಆರುತ್ತಿರುವ ಒಂದಿಷ್ಟು ಹಸಿರು.

'ಹೊಲಿಗೆ ನೋಡಬೇಡ,' ಎಂದ ಕತ್ತಲಿಂದ,
'ಆತುರದಲ್ಲಿ ಹಾಕಿದ್ದು.'